ಮೂರನೆಯ ಹೆಸರು

ಪಶುವೈದ್ಯ ಕಾಲೇಜುಗಳ ಅರ್ಜಿಯಲ್ಲಿ ಮೂರು ಜನರ ಹೆಸರು ಕೇಳಿದ್ದರು. ಅರ್ಜಿ ಹಾಕುವವರನ್ನು ಚೆನ್ನಾಗಿ ಬಲ್ಲವರು, ಪ್ರಾಣಿಗಳ ಜೊತೆ ಅವರ ಕೆಲಸವನ್ನು ಕಣ್ಣಾರೆ ಕಂಡವರು, ಅವರ ಪರವಾಗಿ ನಾಲ್ಕು ಮಾತು ಬರೆಯಬಲ್ಲವರು ಬೇಕು. ಮೂವರಲ್ಲಿ ಒಬ್ಬರಾದರೂ ಪಶುವೈದ್ಯರಾಗಿರಬೇಕು. ರಕ್ತಸಂಬಂಧಿಗಳು ಬೇಡ, ಮದುವೆಯಿಂದ ನೆಂಟರಾದವರೂ ಬೇಡ.

ನೆರೈದಾ ಫೆಲಿಯೂ ಇದನ್ನು ಓದಿದ್ದು ಪೋರ್ಟೊ ರಿಕೊದ ಆತಿಯೊ ಎಂಬ ಊರಿನ ಪಶು ಆಸ್ಪತ್ರೆಯ ಹಿಂದಿದ್ದ ತನ್ನ ಬಾಡಿಗೆ ಕೋಣೆಯಲ್ಲಿ, ಮಧ್ಯಾಹ್ನದ ಅನ್ನ ಮತ್ತು ಬೇಯಿಸಿದ ಕೆಂಪು ಕಾಳು ತಿನ್ನುತ್ತಾ. ಚಮಚ ತಟ್ಟೆಯಲ್ಲಿ ಹಾಗೇ ನಿಂತಿತು. ಆ ಗುಡ್ಡಗಾಡಿನ ಹಸುಗಳಲ್ಲಿ ಯಾವುದು ಒದೆಯುತ್ತದೆ, ಯಾವುದರ ಹಿಂದಿನ ಎಡ ಕೆಚ್ಚಲು ಊದಿಕೊಳ್ಳುತ್ತದೆ, ಯಾವುದು ಕರು ಹಾಕುವ ದಿನ ಬೇಲಿ ಹಾರುತ್ತದೆ ಎಂದು ಕೇಳಿದ್ದರೆ ಸಂಜೆಯವರೆಗೂ ಹೇಳುತ್ತಿದ್ದಳು. ಮನುಷ್ಯರ ಹೆಸರು ಮೂರು ಬೇಕು ಎಂದರೆ ಬೆರಳು ಮಡಚಲು ಶುರುಮಾಡಿ ಒಂದಕ್ಕೇ ನಿಂತುಬಿಟ್ಟಳು.

ಅವಳಿಗೆ ಮೂವತ್ತಮೂರು ವಯಸ್ಸು. ಅಪ್ಪ ಶಾಲೆಯ ಬಸ್ಸು ಓಡಿಸುತ್ತಿದ್ದವನು, ತೀರಿಹೋಗಿದ್ದ. ಅಮ್ಮ ಅಣ್ಣನ ಹಿಂದೆ ಒರ್ಲಾಂಡೊಗೆ ಹೋಗಿ ಅಲ್ಲಿಯವಳೇ ಆಗಿದ್ದಳು. ನೆರೈದಾ ಮಯಗ್ವೆಸ್‌ನಲ್ಲಿ ಪಶುಸಂಗೋಪನೆ ಓದಿ ಬಂದವಳೇ ಹಾಲಿನ ಫಾರಂ ಇದ್ದ ಎದ್ಗಾರ್ದೊನನ್ನು ಮದುವೆಯಾದಳು. ಎಂಟು ವರ್ಷ ಆ ಮನೆಯ ಸೊಸೆಯಾಗಿದ್ದಳು. ಮಕ್ಕಳಾಗಲಿಲ್ಲ. ಆಮೇಲೆ ಗಂಡಹೆಂಡಿರ ನಡುವೆ ಮಾತೂ ಕಡಿಮೆಯಾಗುತ್ತಾ ಬಂತು. ಕೊನೆಗೆ ಎದ್ಗಾರ್ದೊನೇ ಒಂದು ದಿನ ಊಟದ ಮೇಜಿನ ಹತ್ತಿರ ನಿಂತುಕೊಂಡು, ತನ್ನ ಮನಸ್ಸು ಬೇರೆ ಕಡೆ ಇದೆ ಎಂದು ಹೇಳಿದ. ಅವಳು ಬಟ್ಟೆಯ ಎರಡು ಚೀಲ, ರಬ್ಬರ್ ಬೂಟು, ಒಂದು ಕಾಫಿ ಪಾತ್ರೆ ತೆಗೆದುಕೊಂಡು ಗುಡ್ಡ ಇಳಿದು ಬಂದಿದ್ದಳು. ಬೇರ್ಪಡುವಾಗ ಪಾತ್ರೆಪಡಗ ಹಂಚಿಕೊಂಡ ಹಾಗೆ ಪರಿಚಯದವರನ್ನೂ ಹಂಚಿಕೊಳ್ಳಬೇಕಾಗುತ್ತದೆ ಎಂಬುದು ಆಗ ಅವಳಿಗೆ ಹೊಳೆದಿರಲಿಲ್ಲ. ಜನರೆಲ್ಲ ಎದ್ಗಾರ್ದೊನ ಪಾಲಿಗೆ ಹೋಗಿದ್ದರು. ಜಗಳವಾಡಿ ಹೋದವರು ಯಾರೂ ಇಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೆ.

ಪೋರ್ಟೊ ರಿಕೊದಲ್ಲಿ ಆಗಿನ್ನೂ ಪಶುವೈದ್ಯ ಕಾಲೇಜು ಇರಲಿಲ್ಲ. ಓದಬೇಕೆಂದರೆ ಕಡಲು ದಾಟಿ ಅಮೆರಿಕದ ಯಾವುದಾದರೂ ಊರಿಗೆ ಹೋಗಬೇಕು. ಈ ಆಸೆ ಅವಳೊಳಗೆ ಬಹಳ ಕಾಲದಿಂದ ಇತ್ತು. ಈಗ ತಡೆಯುವವರು ಯಾರೂ ಇರಲಿಲ್ಲ.

ಮೊದಲನೆಯ ಹೆಸರು ಕಷ್ಟವಾಗಲಿಲ್ಲ. ಡಾಕ್ಟರ್ ಸೊಯ್ಲೊ ಅರ್ಬೋನಾ ಅವಳಿಗೆ ಕೆಲಸ ಕೊಟ್ಟವರು, ಅರವತ್ತೆಂಟರ ಗಡ್ಡದ ಮುದುಕ, ಸುತ್ತಲಿನ ಗುಡ್ಡಗಳಿಗೆಲ್ಲ ಒಬ್ಬರೇ ದನದ ಡಾಕ್ಟರು. ಅವರು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಜೀಪು ಓಡಿಸುವಾಗ ಪಕ್ಕದ ಸೀಟಿನಲ್ಲಿ ಔಷಧದ ಪೆಟ್ಟಿಗೆ ಇಟ್ಟುಕೊಂಡು ಕೂರುವವಳು ಅವಳೇ. ಒಂದು ಬೆಳಗ್ಗೆ ಜೀಪಿನಲ್ಲೇ ವಿಷಯ ಹೇಳಿದಳು. ಡಾಕ್ಟರು ಎರಡು ತಿರುವು ಕಳೆದು ಗೇರು ಬದಲಿಸಿದರು.

"ನೀನೇ ಬರ್ಕೊಂಡು ಬಾ," ಎಂದರು ಆಮೇಲೆ. "ನಾನು ಓದಿ ಸಹಿ ಹಾಕ್ತೀನಿ."

ಹಾಗೆ ಮಾಡುವಂತಿಲ್ಲ, ಅವರೇ ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು ಎಂದು ವಿವರಿಸಿದಳು. ನನಗೇನು ಯೋಚಿಸಿ ಬರೆಯುವಷ್ಟು ಪುರಸೊತ್ತಿದೆಯೇ, ನಿನ್ನ ಬಗ್ಗೆ ಏನೇನು ಹೇಳಬೇಕು ಅಂತ ಚೀಟಿ ಮಾಡಿಕೊಡು ಎಂದು ಗೊಣಗಿದರು. ಅವಳು ಎರಡು ಸಂಜೆ ಕೂತು ಚೀಟಿ ಬರೆಯಲು ನೋಡಿದಳು. 'ನಂಬಿಕಸ್ಥಳು' ಎಂದು ಬರೆದು ಹೊಡೆದುಹಾಕಿದಳು. 'ಹೊತ್ತಿಗೆ ಸರಿಯಾಗಿ ಬರುತ್ತಾಳೆ' ಎಂದು ಬರೆದಳು. ಅದು ಗಡಿಯಾರದ ಬಗ್ಗೆ ಬರೆದ ಹಾಗೆ ಕಂಡಿತು. ಕೊನೆಗೆ ಖಾಲಿ ಕೈಯಲ್ಲಿ ಹೋದಳು. ಡಾಕ್ಟರು ಒಂದು ನಾಯಿಗೆ ಚುಚ್ಚುಮದ್ದು ಕೊಟ್ಟು, ಮುಂದಿನ ನಾಯಿ ಒಳಗೆ ಬರುವ ಮೊದಲು, ನಿಂತುಕೊಂಡೇ ಎರಡು ಬೆರಳಿನಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟರು. "ಆಯ್ತು," ಎಂದರು. "ಇನ್ನು ಈ ಪೆಟ್ಟಿಗೆ ಹೊರೋಕೆ ಯಾರನ್ನ ಹುಡುಕಲಿ, ಅದನ್ನ ನೀನು ಹೇಳು." ಅವಳು ಮುಂದಿನ ನಾಯಿಯನ್ನು ಒಳಗೆ ಬಿಟ್ಟಳು.

ಎರಡನೆಯ ಹೆಸರಿಗೆ ಮಯಗ್ವೆಸ್‌ನ ಪ್ರೊಫೆಸರರೊಬ್ಬರಿಗೆ ಬರೆದಳು. ಅವರು ಮಾರನೆಯ ದಿನವೇ ಫೋನು ಮಾಡಿದರು. ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಅವಳ ಕಣ್ಣು ತುಂಬಿಬಂತು. ನಿನ್ನನ್ನು ಮರೆಯುವುದುಂಟೇ, ತರಗತಿಯ ಜೀವವೇ ನೀನಾಗಿದ್ದೆ, ವಾಲಿಬಾಲ್ ಪಂದ್ಯದ ದಿನ ನಿನ್ನ ಗಂಟಲು ಇಡೀ ಕಾಲೇಜಿಗೆ ಕೇಳುತ್ತಿತ್ತು ಎಂದರು. ನಿಮ್ಮ ತಂದೆಯ ಕುದುರೆಗಳು ಹೇಗಿವೆ ಎಂದು ವಿಚಾರಿಸಿದರು.

ನೆರೈದಾ ಜನ್ಮದಲ್ಲಿ ವಾಲಿಬಾಲ್ ಮುಟ್ಟಿದವಳಲ್ಲ. ಅಪ್ಪನಿಗೆ ಕುದುರೆಗಳಿರಲಿಲ್ಲ, ಹಳದಿ ಬಸ್ಸಿತ್ತು. ಆದರೂ ಏನು ಹೇಳಬೇಕೆಂದು ತೋಚದೆ, "ಚೆನ್ನಾಗಿವೆ ಸಾರ್," ಎಂದುಬಿಟ್ಟಳು.

ಫೋನಿಟ್ಟ ಮೇಲೆ ಆ ಇನ್ನೊಬ್ಬ ಹುಡುಗಿ ಯಾರಿರಬಹುದೆಂದು ಯೋಚಿಸುತ್ತಾ ಕೂತಳು. ನೊಯೆಮಿ ಎಂಬವಳಿದ್ದಳು, ಉದ್ದ ಜಡೆಯವಳು, ನಗುವಾಗ ಪಕ್ಕದವರ ಭುಜಕ್ಕೆ ಹೊಡೆಯುತ್ತಿದ್ದವಳು. ಅವಳೇ ಇರಬೇಕು. ಅವಳ ಬಗ್ಗೆ ಬರೆದ ಪತ್ರ ಹಿಡಿದು ತಾನು ಕಾಲೇಜಿಗೆ ಸೇರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನೆರೈದಾ ಎರಡು ದಿನ ಬಿಟ್ಟು ಪ್ರೊಫೆಸರರಿಗೆ ಬರೆದಳು: ನೀವು ಹೇಳಿದವಳು ನಾನಲ್ಲ, ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದವಳು. ಅವರಿಂದ ಚಿಕ್ಕ ಉತ್ತರ ಬಂತು. ಕ್ಷಮೆ ಕೇಳಿದ್ದರು, ಅಂಕಪಟ್ಟಿ ಕಳಿಸಿದರೆ ಅದನ್ನು ನೋಡಿ ಬರೆಯುತ್ತೇನೆ ಎಂದಿದ್ದರು. ಕಳಿಸಿದಳು. ಅಂಕಗಳು ಒಳ್ಳೆಯವೇ ಇದ್ದವು.

ಮೂರನೆಯದಕ್ಕೆ ಬಂದಾಗ ದಿನಗಳು ಸುಮ್ಮನೆ ಕಳೆದವು. ಬಾಡಿಗೆ ಕೋಣೆಯ ಒಡತಿಗೆ ಅವಳ ಕೆಲಸ ಗೊತ್ತಿಲ್ಲ. ಪಾದ್ರಿಗೆ ಅವಳ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಬೇಕರಿಯ ಹೆಂಗಸು ಅವಳನ್ನು ನೋಡಿದ ಕೂಡಲೇ ಬ್ರೆಡ್ಡು ತೆಗೆದಿಡುತ್ತಾಳೆ, ಅದರಾಚೆ ಅವರ ನಡುವೆ ಮಾತಿಲ್ಲ. ತನ್ನ ಕೈ ಹಸುವಿನ ಒಳಗೆ ಭುಜದವರೆಗೆ ಹೋದದ್ದನ್ನು, ಆಮೇಲೆ ತಾನು ಏನಾದೆ ಎಂಬುದನ್ನು ನೋಡಿದವರು ಯಾರು ಎಂದು ಕೇಳಿಕೊಂಡರೆ ಒಂದೇ ಮುಖ ಎದುರಿಗೆ ಬರುತ್ತಿತ್ತು. ಅದನ್ನು ಅವಳು ಮತ್ತೆ ಮತ್ತೆ ತಳ್ಳುತ್ತಿದ್ದಳು.

ದೋನ್ ಕ್ರಿಸಾಂತೊ. ಎದ್ಗಾರ್ದೊನ ಅಪ್ಪ, ಊರೆಲ್ಲ ಮರ್ಯಾದೆಯಿಂದ 'ದೋನ್' ಸೇರಿಸಿ ಕರೆಯುವವರು, ಅವಳ ಮಾವನಾಗಿದ್ದವರು.

ಆ ದೊಡ್ಡ ಚಂಡಮಾರುತ ಬಂದ ವರ್ಷ ಫಾರಮ್ಮಿನಲ್ಲಿ ವಾರಗಟ್ಟಲೆ ಕರೆಂಟು ಇರಲಿಲ್ಲ. ಎದ್ಗಾರ್ದೊ ಬೆಳಗಾಗುವುದರೊಳಗೆ ಡೀಸೆಲ್ಲಿನ ಸಾಲಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮಾವ ಸೊಸೆ ಇಬ್ಬರೇ ಅಷ್ಟೂ ಹಸುಗಳ ಹಾಲನ್ನು ಕೈಯಲ್ಲೇ ಕರೆದರು. ಹಾಲು ಕೊಳ್ಳುವ ಲಾರಿ ಬರದೆ ಅದನ್ನು ಚರಂಡಿಗೆ ಸುರಿದರು. ಸುರಿಯುವಾಗ ಮುದುಕ ಮುಖ ತಿರುಗಿಸಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಹಳೆಯ ಹಸುವೊಂದು ಈಯಲಾರದೆ ಬಿದ್ದುಕೊಂಡಿತು. ಸೇತುವೆ ಕೊಚ್ಚಿಹೋಗಿ ಡಾಕ್ಟರು ಬರುವಂತಿರಲಿಲ್ಲ. ನೆರೈದಾ ತೋಳಿಗೆ ಸಾಬೂನು ಹಚ್ಚಿಕೊಂಡು ಮಂಡಿಯೂರಿದಳು. ಕರುವಿನ ಕಾಲು ಮಡಚಿಕೊಂಡಿತ್ತು. ಎಷ್ಟೋ ಹೊತ್ತಿನ ಮೇಲೆ ಅದು ಬೆರಳಿಗೆ ಸಿಕ್ಕಿತು, ನೆಟ್ಟಗಾಯಿತು, ಕರು ಜೀವಂತ ಹೊರಗೆ ಬಂತು. ಆದರೆ ಅವಳ ಆತುರದಲ್ಲಿ ಒಳಗೆಲ್ಲೋ ಹರಿದಿತ್ತು. ಹಸು ಮೂರನೆಯ ದಿನ ಸತ್ತಿತು. ಮಾವ ಗುಂಡಿ ತೋಡಿದರು, ಅವಳು ಮಣ್ಣೆಳೆದಳು. ಸಂಜೆ ಅವಳ ಕೈಗೊಂದು ಲೋಟ ಕಾಫಿ ಕೊಟ್ಟು, ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ಎದ್ದು ಹೋದರು. ಡಾಕ್ಟರಾಗಬೇಕೆಂಬ ಆಸೆ ಗಟ್ಟಿಯಾದದ್ದು ಆ ಗುಂಡಿಯ ಪಕ್ಕದಲ್ಲಿ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅರ್ಜಿಯ ಸೂಚನೆಗಳನ್ನು ಇನ್ನೊಮ್ಮೆ ಓದಿದಳು. ಮದುವೆಯಿಂದ ನೆಂಟರಾದವರು ಬೇಡ. ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದು ಎರಡು ವರ್ಷವಾಗಿತ್ತು. ಹಾಗಾದರೆ ದೋನ್ ಕ್ರಿಸಾಂತೊ ಬರೆಯಬಹುದು. ಅವಳಿಗೆ ಅವರು ಏನೂ ಆಗಬೇಕಿಲ್ಲ.

ಎದ್ಗಾರ್ದೊ ಹಿಂಡಿ ತರಲು ಆರೆಸಿಬೊಗೆ ಹೋಗುವ ದಿನ ಅವಳಿಗೆ ನೆನಪಿತ್ತು. ಅದೇ ದಿನ ಮಧ್ಯಾಹ್ನ ಫಾರಮ್ಮಿನ ಗುಡ್ಡಕ್ಕೆ ಕಾರು ಹತ್ತಿಸಿದಳು. ಬಿದಿರಿನ ತಿರುವು ದಾಟಿ ಗೇಟಿನ ಹತ್ತಿರ ಬಂದಾಗ, ಇಳಿದು ತಾನೇ ತೆಗೆಯಬೇಕೇ, ಹಾರ್ನು ಮಾಡಿ ಕಾಯಬೇಕೇ ಎಂದು ಗೊತ್ತಾಗದೆ ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಕೂತಿದ್ದಳು.

ಬಾಗಿಲಿಗೆ ಬಂದವಳು ದಾಮಾರಿಸ್, ಎದ್ಗಾರ್ದೊನ ಈಗಿನ ಹೆಂಡತಿ. ಸೊಂಟದ ಮೇಲೆ ಮಗು. ದಾಮಾರಿಸ್ ನ್ಯೂಜೆರ್ಸಿಯಲ್ಲಿ ಬೆಳೆದವಳು. ಅಜ್ಜಿಯ ಊರಿಗೆ ಬಂದು ಇಲ್ಲೇ ನಿಂತವಳು. ಇಲ್ಲಿಯ ಸ್ಪ್ಯಾನಿಷ್ ಮಾತಿನಲ್ಲಿ ಆಗಾಗ ಪದ ಸಿಗದೆ ತಡವರಿಸುತ್ತಿದ್ದಳು. ಇಬ್ಬರೂ ಪೇಟೆಯಲ್ಲಿ ಒಬ್ಬರನ್ನೊಬ್ಬರು ದೂರದಿಂದ ಕಂಡಿದ್ದರು, ಮಾತಾಡಿರಲಿಲ್ಲ.

"ದೋನ್ ಕ್ರಿಸಾಂತೊ ಇದ್ದಾರಾ?" ಎಂದಳು ನೆರೈದಾ. ಎಂಟು ವರ್ಷ ಮಾವ ಎಂದ ಬಾಯಿಗೆ ಆ ಹೆಸರು ಕಲ್ಲು ಕಚ್ಚಿದ ಹಾಗಾಯಿತು.

ದಾಮಾರಿಸ್ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ನೀಲಿ ಅಂಚಿನ ಆ ಕಪ್ಪುಗಳನ್ನು ನೆರೈದಾಳೇ ಕ್ರಿಸ್‌ಮಸ್ ಸಂತೆಯಲ್ಲಿ ಆರಿಸಿ ತಂದಿದ್ದಳು. ದಾಮಾರಿಸ್‌ಗೆ ಅದು ಗೊತ್ತಿರಲಿಕ್ಕಿಲ್ಲ. ಕೊಟ್ಟಿಗೆಯಿಂದ ದೋನ್ ಕ್ರಿಸಾಂತೊ ಬಂದರು. ಬೂಟು ಹೊರಗೆ ಬಿಟ್ಟು, ಹುಲ್ಲಿನ ಟೋಪಿ ತೆಗೆದು, ಅವಳನ್ನು ನೋಡಿ ತಲೆಯಾಡಿಸಿದರು. ಮೊದಲಿಗಿಂತ ತೆಳ್ಳಗಾಗಿದ್ದರು. ಕುರ್ಚಿ ಎಳೆದುಕೊಂಡು ಕೂತು, ಡಾಕ್ಟರು ಹೇಗಿದ್ದಾರೆ ಎಂದು ಕೇಳಿದರು. ಈ ಫಾರಮ್ಮಿಗೆ ಡಾಕ್ಟರು ಎರಡು ವರ್ಷದಿಂದ ಅವಳನ್ನು ಬಿಟ್ಟು ಒಬ್ಬರೇ ಬರುತ್ತಿದ್ದರು. ಆ ಬಗ್ಗೆ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಅವಳು ಬಂದ ಕಾರಣ ಹೇಳಿದಳು. ಮುದುಕ ಪೂರ್ತಿ ಕೇಳಿಸಿಕೊಂಡರು.

"ನನಗೆ ಅವರ ಇಂಗ್ಲಿಷು ಬರಲ್ಲವಲ್ಲಮ್ಮ," ಎಂದರು.

"ನನಗೆ ಬರುತ್ತಲ್ಲ ಮಾವ," ಎಂದಳು ದಾಮಾರಿಸ್. "ನೀವು ಹೇಳ್ತಾ ಹೋಗಿ, ನಾನು ಹಾಕ್ತೀನಿ."

ಆ ಮನೆಯಲ್ಲಿ 'ಮಾವ' ಎಂಬ ಮಾತು ಕೇಳಿದಾಗ ನೆರೈದಾ ತಾನೇ ಮಾತಾಡಿದೆನೇನೋ ಎಂಬಂತೆ ಬೆಚ್ಚಿದಳು. ಅಷ್ಟರಲ್ಲಿ ದಾಮಾರಿಸ್ ಮಗುವನ್ನು ಚಾಪೆಯ ಮೇಲೆ ಬಿಟ್ಟು ತನ್ನ ಕಂಪ್ಯೂಟರ್ ತಂದಿಟ್ಟುಕೊಂಡಾಗಿತ್ತು. ಮುದುಕನ ಹೆಸರು, ಊರು, ಕಸುಬು ತುಂಬಿಸಿದಳು. ಮುಂದಿನ ಸಾಲು ಓದಿ ನಿಂತಳು.

"ಅರ್ಜಿ ಹಾಕಿದವರು ನಿಮಗೆ ಏನಾಗಬೇಕು ಅಂತ ಕೇಳಿದೆ."

ದೋನ್ ಕ್ರಿಸಾಂತೊ ನೆರೈದಾಳ ಕಡೆ ನೋಡಿದರು. "ಏನು ಹೇಳಲಿ?"

"ನೆಂಟರು ಬರೆಯೋ ಹಾಗಿಲ್ಲ," ಎಂದಳು ಅವಳು, ಕಪ್ಪಿನೊಳಗೆ ನೋಡುತ್ತಾ. "ಈಗ ನಾನು ಏನೂ ಆಗಲ್ಲವಲ್ಲ. ಅದಕ್ಕೇ ನೀವು ಬರೀಬಹುದು."

"ಅಂದ್ರೆ ನನ್ನ ಮಗ ನಿನ್ನ ಬಿಡದೇ ಇದ್ದಿದ್ರೆ ನಾನು ಬರೆಯೋ ಹಾಗಿರಲಿಲ್ಲ."

"ಇರಲಿಲ್ಲ."

ಮುದುಕ ಟೋಪಿಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದರು. ದಾಮಾರಿಸ್ ಕೆಳಗೆ ಬಾಗಿ ಮಗುವಿನ ಕಾಲುಚೀಲ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಒಳ್ಳೇ ಕಾನೂನು ಮಾಡಿದಾರೆ," ಎಂದರು ದೋನ್ ಕ್ರಿಸಾಂತೊ. ಆಮೇಲೆ ದಾಮಾರಿಸ್‌ಗೆ, "ನಾನು ಹಸು ಸಾಕೋನು ಅಂತ ಹಾಕು. ಎಂಟು ವರ್ಷ ನಮ್ಮ ಕೊಟ್ಟಿಗೇಲಿ ಕೆಲಸ ಮಾಡಿದಾಳೆ ಅಂತ ಹಾಕು. ಅದರಲ್ಲಿ ಸುಳ್ಳೇನಿಲ್ಲ."

ದಾಮಾರಿಸ್ ಹಾಗೇ ಹಾಕಿದಳು. ಇನ್ನು ಮುಂದಿನದನ್ನು ಅರ್ಜಿದಾರರು ಕೇಳುವಂತಿಲ್ಲ ಎಂದು ಮೆಲ್ಲಗೆ ಹೇಳಿದಳು. ಅದು ನಿಜವೇ. ಬರೆದದ್ದನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೇನೆ ಎಂದು ನೆರೈದಾ ಅರ್ಜಿಯಲ್ಲಿ ಒಪ್ಪಿಕೊಂಡಿದ್ದಳು. ಎದ್ದು ಹೊರಗೆ ಹೋದಳು.

ಕೊಟ್ಟಿಗೆಯ ಮಗ್ಗುಲಲ್ಲಿ ಹಾಲು ತಣ್ಣಗಿಡುವ ತೊಟ್ಟಿಯ ಮೆಷಿನ್ನು ಗುರುಗುಟ್ಟುತ್ತಿತ್ತು. ಅದರ ಹಿಂದಿನಿಂದ ಅಡುಗೆಮನೆಯ ಕಿಟಕಿಯೊಳಗೆ ದೋನ್ ಕ್ರಿಸಾಂತೊ ಮಾತಾಡುತ್ತಿರುವುದು ಅವಳಿಗೆ ಕಾಣಿಸುತ್ತಿತ್ತು. ಕೈ ಎತ್ತಿ ಏನನ್ನೋ ತೋರಿಸಿದರು, ತೋಳನ್ನು ಭುಜದವರೆಗೆ ಸವರಿ ಏನೋ ಹೇಳಿದರು, ಟೋಪಿ ಪಕ್ಕಕ್ಕಿಟ್ಟರು, ಮತ್ತೆ ಶುರುಮಾಡಿದರು. ಒಂದಕ್ಷರವೂ ಕೇಳಿಸಲಿಲ್ಲ. ಅವಳು ಕಿಟಕಿಗೆ ಬೆನ್ನು ಹಾಕಿ ಹಸುಗಳ ಕಡೆ ನಡೆದಳು. ಚಂಡಮಾರುತದ ವರ್ಷ ಹುಟ್ಟಿದ ಕರು ಈಗ ದೊಡ್ಡ ಹಸುವಾಗಿ ಸಾಲಿನ ಕೊನೆಯಲ್ಲಿ ನಿಂತಿತ್ತು. ಹಣೆಯ ವಾಲಿದ ಮಚ್ಚೆಯಿಂದ ಗುರುತು ಹಿಡಿದಳು. ಹತ್ತಿರ ಹೋಗಿ ಕತ್ತು ತುರಿಸಿದಳು. ಅದು ಅವಳನ್ನು ಒಮ್ಮೆ ಮೂಸಿ, ಬೇರೆ ಯಾರಾದರೂ ಬಂದಿದ್ದರೂ ಹೀಗೇ ಎಂಬಂತೆ, ಹುಲ್ಲಿಗೆ ಬಾಯಿ ಹಾಕಿತು.

ಬಹಳ ಹೊತ್ತಾದ ಮೇಲೆ ದಾಮಾರಿಸ್ ಬಂದಳು. ಕಳಿಸಿದ್ದಾಯಿತು ಎಂದಳು. ಹೋಗದೆ ಅಲ್ಲೇ ನಿಂತಳು.

"ಅವರು ಇಷ್ಟೊಂದು ಮಾತಾಡಿದ್ದು ನಾನು ನೋಡೇ ಇರಲಿಲ್ಲ. ನನ್ನ ಹತ್ರ ಕಾಫಿ ಬೇಕು, ಬೇಡ, ಅಷ್ಟೇ." ಬೆರಳಿನಿಂದ ಬೇಲಿಯ ತಂತಿ ಮುಟ್ಟಿದಳು. "ಸತ್ತ ಹಸೂದೂ ಹೇಳಿದ್ರು. ಅದನ್ನ ಹಾಕೋದು ಬೇಡ ಮಾವ ಅಂದೆ. ಹಾಕು ಅಂದ್ರು. ನಿಮಗೆ ಹೇಳಬಾರದಿತ್ತೇನೋ ನಾನು."

ನೆರೈದಾ ಪರವಾಗಿಲ್ಲ ಎಂದಳು, ಥ್ಯಾಂಕ್ಸ್ ಹೇಳಿದಳು. ದೋನ್ ಕ್ರಿಸಾಂತೊ ಆಗಲೇ ಬೂಟು ಹಾಕಿಕೊಂಡು ಹಾಲು ಕರೆಯುವ ಕಡೆ ಹೋಗಿದ್ದರು. ಎತ್ತರದ ದನಿಯಲ್ಲಿ ಹೋಗಿಬರುತ್ತೇನೆ ಎಂದಳು. ಅವರು ಹಸುವಿನ ಮಗ್ಗುಲಿಂದ ಕೈ ಎತ್ತಿದರು.

ಗುಡ್ಡ ಇಳಿಯುವಾಗ ಎದುರಿಗೆ ಎದ್ಗಾರ್ದೊನ ಹಿಂಡಿ ತುಂಬಿದ ಲಾರಿ ಬಂತು. ರಸ್ತೆ ಕಿರಿದು, ಒಬ್ಬರು ನಿಲ್ಲಬೇಕು. ಅವಳು ಕಾರನ್ನು ಹುಲ್ಲಿಗೆ ಇಳಿಸಿ ದಾರಿ ಬಿಟ್ಟಳು. ಅವನು ಗುರುತು ಹಿಡಿದು, ಏನು ಮಾಡಬೇಕೆಂದು ತಿಳಿಯದೆ, ದಾರಿ ಬಿಟ್ಟ ಯಾರಿಗಾದರೂ ಮಾಡುವ ಹಾಗೆ ಎರಡು ಬೆರಳು ಎತ್ತಿ ಮುಂದೆ ಹೋದ.

ಆಮೇಲಿನ ತಿಂಗಳುಗಳು ನಿಧಾನವಾಗಿ ಸರಿದವು. ಜೀಪಿನಲ್ಲಿ ಪೆಟ್ಟಿಗೆ ಹಿಡಿದು ಕೂತಾಗ, ಕೋಣೆಯಲ್ಲಿ ಬಟ್ಟೆ ಒಗೆದು ಹರವುವಾಗ, ಅವಳಿಗೆ ಸತ್ತ ಹಸುವೇ ಮನಸ್ಸಿಗೆ ಬರುತ್ತಿತ್ತು. ದೂರದ ಯಾವುದೋ ಊರಿನಲ್ಲಿ ಗೊತ್ತಿಲ್ಲದವರು ಮೇಜಿನ ಸುತ್ತ ಕೂತು ಅದನ್ನು ಓದುತ್ತಿದ್ದಾರೆ. ಅದರ ಪಕ್ಕದಲ್ಲಿ ಮುದುಕ ಇನ್ನೇನು ಸೇರಿಸಿದ್ದಾರೋ. ಸಿಟ್ಟಿನಿಂದ ಹೇಳಿರಬಹುದೇ, ಎರಡು ವರ್ಷ ಒಂದು ಮಾತೂ ಆಡಿಸದೆ ಇದ್ದು ಈಗ ತನ್ನ ಕೆಲಸವಾಗಬೇಕಾದಾಗ ಬಂದಳೆಂದು? ಅವರಿಗೆ ಸಿಟ್ಟು ಬಂದದ್ದನ್ನು ಅವಳು ಕಂಡಿದ್ದಳು. ಅವರ ಸಿಟ್ಟು ಹೀಗಿರುವುದಿಲ್ಲ ಎಂದು ತಿಳಿದಿತ್ತು. ಆದರೂ ಕೇಳಲು ಬೇರೆ ಯಾರೂ ಇಲ್ಲದಿದ್ದರಿಂದ ಆ ಪ್ರಶ್ನೆ ಅವಳೊಳಗೇ ಓಡಾಡಿಕೊಂಡಿತ್ತು.

ಅರ್ಜಿ ಹೋದ ಕಾಲೇಜುಗಳಲ್ಲಿ ಎರಡು ಚಳಿಗಾಲದಲ್ಲಿ ಆಗುವುದಿಲ್ಲ ಎಂದವು. ಉತ್ತರದ ಒಂದು ಕಾಲೇಜು ಕಂಪ್ಯೂಟರಿನಲ್ಲೇ ಸಂದರ್ಶನ ಮಾಡಿತು. ಅಲ್ಲಿದ್ದ ನರೆಗೂದಲಿನ ಹೆಂಗಸೊಬ್ಬಳು, ನಿನ್ನ ತಪ್ಪಿನಿಂದ ತೊಂದರೆಯಾದ ಒಂದು ಪ್ರಾಣಿಯ ಬಗ್ಗೆ ಹೇಳು ಎಂದಳು. ಎಲ್ಲರಿಗೂ ಕೇಳುವ ಪ್ರಶ್ನೆಯೋ, ಮುದುಕನ ಪತ್ರ ಓದಿ ಕೇಳಿದ್ದೋ ತಿಳಿಯಲಿಲ್ಲ. ನೆರೈದಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗುಂಡಿಯ ಮಾತಿಗೆ ಬಂದಾಗ ಇಂಗ್ಲಿಷ್ ಕೈಕೊಟ್ಟಿತು. ಅವರು ಕಾದರು. ಏಪ್ರಿಲ್‌ನಲ್ಲಿ ಸೀಟು ಸಿಕ್ಕಿದೆ ಎಂದು ಸುದ್ದಿ ಬಂತು.

ಡಾಕ್ಟರ್ ಸೊಯ್ಲೊಗೆ ಹೇಳಿದಳು. ಅವರು ಕೈ ಕುಲುಕಿ, ಒಳ್ಳೆಯದಾಯಿತು ಎಂದು, ಜೀಪಿನ ಕೀಲಿ ಹುಡುಕತೊಡಗಿದರು. ಕೀಲಿ ಅವರ ಕೈಯಲ್ಲೇ ಇತ್ತು. ಒರ್ಲಾಂಡೊಗೆ ಫೋನು ಮಾಡಿದಳು. ಅಮ್ಮ ಅತ್ತಳು, ಅಲ್ಲಿಂದ ಒರ್ಲಾಂಡೊ ಹತ್ತಿರವೇ ಎಂದು ಕೇಳಿದಳು. ಹತ್ತಿರವಿರಲಿಲ್ಲ. ಆಮೇಲೆ ಫಾರಮ್ಮಿಗೆ ಮಾಡಿದಳು. ಮೊದಲ ಸಲ ಎದ್ಗಾರ್ದೊ ಎತ್ತಿದ. ದನಿ ಕೇಳಿದ್ದೇ ಇಟ್ಟುಬಿಟ್ಟಳು. ಭಾನುವಾರ ಮತ್ತೆ ಮಾಡಿದಾಗ ಮುದುಕನೇ ಎತ್ತಿದರು.

"ಸೀಟು ಸಿಕ್ತು," ಎಂದಳು. ಏನೆಂದು ಕರೆಯಬೇಕೆಂದು ತಿಳಿಯದೆ ಯಾವ ಹೆಸರೂ ಹಿಡಿಯಲಿಲ್ಲ.

"ಸಿಕ್ತಾ," ಎಂದರು ದೋನ್ ಕ್ರಿಸಾಂತೊ. "ಯಾವಾಗ ಹೊರಡ್ತೀಯ?"

"ಆಗಸ್ಟ್‌ನಲ್ಲಿ."

"ಅಲ್ಲಿ ಚಳಿ ಅಂತಾರೆ."

"ಹೂಂ. ಹಿಮ ಬೀಳುತ್ತಂತೆ."

ಒಂದು ಕಡಸು ಗಬ್ಬವಾಗಿದೆ, ಮೊದಲ ಸಲ ಈಯುವುದು, ಸೊಂಟ ಕಿರಿದು, ಕಷ್ಟವಾಗಬಹುದು ಎಂದು ಅವರು ಹೇಳಿದರು. ಎಷ್ಟನೆಯ ತಿಂಗಳು ಎಂದು ಅವಳು ಕೇಳಿದಳು. ಈಗಲೇ ಹಿಂಡಿ ಕಡಿಮೆ ಮಾಡಿ, ಕರು ತೀರಾ ದಪ್ಪವಾಗಬಾರದು ಎಂದಳು. ಮಾಡ್ತೀನಿ ಎಂದರು. ಅವಳಿಗೆ ಆ ಪತ್ರದ ಬಗ್ಗೆ ಕೇಳಬೇಕೆನ್ನಿಸಿತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಆ ಕಡೆ ಮಗು ಅಳತೊಡಗಿತು.

"ಮಗು ಎದ್ದಿದೆ. ಅವರಿಬ್ಬರೂ ಪೂಜೆಗೆ ಹೋಗಿದಾರೆ, ಚರ್ಚಿಗೆ. ಇಡ್ತೀನಮ್ಮ."

"ಸರಿ, ಇಡಿ."

ಫೋನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಭಾನುವಾರದ ರಸ್ತೆಯಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯೊಳಗೆ ಆಪರೇಷನ್ ಆದ ಎರಡು ನಾಯಿಗಳಿದ್ದವು, ಅವುಗಳಿಗೆ ನೀರು ಕೊಡುವ ಹೊತ್ತಾಗಿತ್ತು. ಅವಳು ಎದ್ದು, ಬಕೆಟ್ಟು ತೆಗೆದುಕೊಂಡು ಒಳಗೆ ಹೋದಳು.